ಆಕಾಶಕ್ಕೆ ಹಾಕಿದ ಬೇಲಿ

ದೊಡ್ಡಮ್ಮ ಜರ್ಮನಿಗೆ ಹೊರಟಿದ್ದು ಮಗಳ ಬಾಣಂತನಕ್ಕೆ. ಕೈಚೀಲದಲ್ಲಿ ಹಲಸಿನ ಹಪ್ಪಳದ ಕಟ್ಟು, ಎದೆಗವಚಿಕೊಂಡ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟು ಮತ್ತು ಟಿಕೆಟ್ಟು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಟಿಕೆಟ್ಟಿನ ಮೇಲಿದ್ದ ಹೆಸರು ನೋಡಿಕೊಂಡು, ಅದೇ ಹೆಸರಿನ ಬೋರ್ಡಿನ ಕೆಳಗೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗಿ ಟಿಕೆಟ್ ನೋಡಿ, "ಅಮ್ಮಾ, ಇದು ನಮ್ಮ ಫ್ಲೈಟ್ ಅಲ್ಲ. ಆ ಕಡೆಯ ಕೌಂಟರಿಗೆ ಹೋಗಬೇಕು" ಎಂದಳು.

"ಇದರಲ್ಲಿ ನಿಮ್ಮ ಹೆಸರೇ ಉಂಟಲ್ಲ ಮಗಾ?" ಅಂದರು ದೊಡ್ಡಮ್ಮ.

"ಹೆಸರು ನಮ್ಮದೇ ಅಮ್ಮಾ. ವಿಮಾನ ಮಾತ್ರ ಅವರದು."

ಆ ಕಡೆಯ ಕೌಂಟರಿನಲ್ಲಿ ಮತ್ತೊಂದು ಸಾಲು. ಅಲ್ಲಿ ಕೈಚೀಲದ ತೂಕದ ಲೆಕ್ಕವೂ ಬೇರೆ. ಹಪ್ಪಳದ ಅರ್ಧ ಕಟ್ಟು ನನ್ನ ಕೈಗೆ ವಾಪಸು ಬಂತು. ಗಾಜಿನ ಬಾಗಿಲಾಚೆ ಹೋಗುವ ಮುನ್ನ ದೊಡ್ಡಮ್ಮ ತಿರುಗಿ, "ದುಡ್ಡು ಒಬ್ಬರಿಗೆ ಕೊಟ್ಟು ಇನ್ನೊಬ್ಬರ ಬಸ್ಸು ಹತ್ತಿದ ಹಾಗಾಯ್ತು" ಅಂದರು.

ಊರಿಗೆ ಮರಳಿದ ಮೇಲೆ, ಮಂಗಳೂರಿನಲ್ಲಿ ಆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟರ ಮುಂದೆ ಕೂತು ಇದನ್ನೇ ಕೇಳಿದೆ. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ, ಅಂಕಿಗಳ ಸಾಲು. ಒಂದೊಂದು ವಿಮಾನದ ಮುಂದೆಯೂ ವೈ 9, ಬಿ 9, ಎಂ 4, ಹೆಚ್ 0 ಎಂಬಂಥ ಜೋಡಿಗಳು. ಅಕ್ಷರ ದರದ ವರ್ಗ, ಅಂಕಿ ಆ ದರದಲ್ಲಿ ಉಳಿದಿರುವ ಸೀಟು. 9 ಎಂದರೆ ಒಂಬತ್ತೋ ಅದಕ್ಕಿಂತ ಹೆಚ್ಚೋ. "ಇಲ್ಲಿ ನೋಡಿ ಮಾರಾಯ್ರೆ" ಎಂದು ಅವರು ಎರಡು ಸಾಲುಗಳ ಮೇಲೆ ಬೆರಳಿಟ್ಟರು. ಹೊರಡುವ ಹೊತ್ತು ಒಂದೇ, ಇಳಿಯುವ ಹೊತ್ತು ಒಂದೇ. ಕಂಪನಿಯ ಹೆಸರು ಮಾತ್ರ ಬೇರೆ ಬೇರೆ. "ವಿಮಾನ ಒಂದೇ, ಅಂಗಡಿ ಎರಡು. ನಿಮ್ಮ ದೊಡ್ಡಮ್ಮ ಈ ಅಂಗಡಿಯಿಂದ ತಗೊಂಡದ್ದು." ಎರಡನೇ ಕಂಪನಿಯ ಹೆಸರು ಟಿಕೆಟ್ಟಿನಲ್ಲೂ ಇತ್ತು. ಇರುವೆಯ ಗಾತ್ರದಲ್ಲಿ.

ಇದಕ್ಕೆ ಕೋಡ್‌ಷೇರ್ ಎನ್ನುತ್ತಾರೆ. ಒಂದು ಕಂಪನಿ ಹಾರಿಸುವ ವಿಮಾನಕ್ಕೆ ಇನ್ನೊಂದು ಕಂಪನಿ ತನ್ನ ಸಂಖ್ಯೆ ಅಂಟಿಸಿ ಮಾರುವ ಏರ್ಪಾಡು ಅದು. ಯಾವ ಊರಿಂದ ಯಾವ ಊರಿಗೆ ಯಾರು ಹಾರಬಹುದು, ಯಾರ ಹೆಸರಿನಲ್ಲಿ ಹಾರಬಹುದು, ಟಿಕೆಟ್ಟನ್ನು ಹೇಗೆ ತೋರಿಸಿ ಮಾರಬಹುದು ಎಂಬ ಮೂರು ಪ್ರಶ್ನೆಗಳ ಹಿಂದೆಯೂ ಸರ್ಕಾರದ ಕಾಗದಗಳಿವೆ. ಆಕಾಶ ಬಯಲಿನಂತೆ ಕಾಣುತ್ತದೆ, ಆದರೆ ಅಲ್ಲಿ ಹೆಜ್ಜೆಗೊಂದು ಬೇಲಿ.

ಬಳ್ಳಾರಿಯ ಮೇಲೆ ಹಾದ ದಾರಿ

ಭಾರತದ ವಿಮಾನಯಾನದ ಮೊದಲ ಅಧ್ಯಾಯದಲ್ಲೇ ಕನ್ನಡನಾಡಿನ ಒಂದು ಊರಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಟಪಾಲು ಹೊತ್ತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಬಂದಿಳಿದರು. ಅಲ್ಲಿಂದ ಮುಂದಕ್ಕೆ ಅವರ ಜತೆಗಾರ ನೆವಿಲ್ ವಿನ್ಸೆಂಟ್ ಅದೇ ಟಪಾಲನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಮುಟ್ಟಿಸಿದರು. ಟಾಟಾ ಅವರ ಅಂಚೆ ವಿಮಾನ ಇಳಿದೇಳಲು ಆರಿಸಿಕೊಂಡ ಊರುಗಳಲ್ಲಿ ಬಳ್ಳಾರಿಯೂ ಒಂದು. ಅಂದಿನ ವಿಮಾನಕ್ಕೆ ಒಂದೇ ಉಸಿರಿನಲ್ಲಿ ಮದ್ರಾಸು ಮುಟ್ಟುವ ಶಕ್ತಿಯಿರಲಿಲ್ಲ. ದಾರಿಯನ್ನು ಭೂಗೋಳ ಮತ್ತು ಪೆಟ್ರೋಲು ಗುರುತಿಸುತ್ತಿದ್ದವು.

ಸ್ವಾತಂತ್ರ್ಯ ಬಂದ ಮೇಲೆ ದಾರಿ ಗುರುತಿಸುವ ಕೆಲಸ ದಿಲ್ಲಿಯ ಕಚೇರಿಗೆ ಹೋಯಿತು. 1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆ ಖಾಸಗಿ ಕಂಪನಿಗಳನ್ನೆಲ್ಲ ಸೇರಿಸಿ ಎರಡು ನಿಗಮ ಮಾಡಿತು: ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್, ಹೊರಗೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್. ಅಲ್ಲಿಂದ ನಾಲ್ಕು ದಶಕ ಮಾರ್ಗವೂ ದರವೂ ಸರ್ಕಾರದ್ದೇ. ತೊಂಬತ್ತರ ದಶಕದ ಆರಂಭದಲ್ಲಿ 'ಏರ್ ಟ್ಯಾಕ್ಸಿ' ಹೆಸರಿನಲ್ಲಿ ಖಾಸಗಿಯವರಿಗೆ ಕಿಂಡಿ ತೆರೆದಾಗಲೂ ಒಂದು ತಮಾಷೆಯ ಷರತ್ತಿತ್ತು: ವಿಮಾನ ಹಾರಿಸಬಹುದು, ವೇಳಾಪಟ್ಟಿ ಪ್ರಕಟಿಸುವಂತಿಲ್ಲ. ಅಂಗಡಿ ತೆರೆಯಿರಿ, ಬೋರ್ಡು ಮಾತ್ರ ಹಾಕಬೇಡಿ ಅಂದ ಹಾಗೆ. 1994ರಲ್ಲಿ ಹಳೆಯ ಕಾಯ್ದೆ ರದ್ದಾಯಿತು. ಯಾರು ಬೇಕಾದರೂ ಪರವಾನಗಿ ಪಡೆದು ಹಾರಬಹುದು ಎಂದಾಯಿತು.

ಆದರೆ ಸರ್ಕಾರ ಕೈತೊಳೆದುಕೊಳ್ಳಲಿಲ್ಲ. ಅದೇ ವರ್ಷದ ಮಾರ್ಚ್ 1ರಂದು ಮಾರ್ಗ ಹಂಚಿಕೆಯ ಹೊಸ ನಿಯಮ ಬಂತು.

ದಿಲ್ಲಿಗೆ ಹಾರಬೇಕೆ, ಇಂಫಾಲಕ್ಕೂ ಹಾರಿ

ನಿಯಮದ ತರ್ಕ ಹಳ್ಳಿ ಬಸ್ಸಿನದು. ಲಾಭದ ರೂಟು ಬೇಕೆನ್ನುವವರು ನಷ್ಟದ ರೂಟಿನಲ್ಲೂ ನಾಲ್ಕು ಟ್ರಿಪ್ ಹೊಡೆಯಬೇಕು. 12 ಮಾರ್ಗಗಳನ್ನು ಸರ್ಕಾರ ಮೊದಲ ವರ್ಗವೆಂದು ಕರೆಯಿತು. ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರು, ತಿರುವನಂತಪುರ ಇವುಗಳನ್ನು ಪರಸ್ಪರ ಬೆಸೆಯುವ ಕೊಬ್ಬಿದ ಮಾರ್ಗಗಳು ಅವು. ಬೆಂಗಳೂರಿನಿಂದ ಮುಂಬೈ, ದಿಲ್ಲಿ, ಕೋಲ್ಕತ್ತಗಳಿಗೆ ಹೋಗುವ ಮೂರೂ ಈ ಪಟ್ಟಿಯಲ್ಲಿದ್ದವು. ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳನ್ನು ಮುಟ್ಟುವ ಮಾರ್ಗಗಳು ಎರಡನೇ ವರ್ಗ. ಉಳಿದದ್ದೆಲ್ಲ ಮೂರನೆಯದು. ಮೊದಲ ವರ್ಗದಲ್ಲಿ ಕಂಪನಿಯೊಂದು ಎಷ್ಟು ಆಸನ-ಕಿಲೋಮೀಟರ್ ಹಾರಿಸುತ್ತದೋ ಅದರ ಶೇ 10ರಷ್ಟನ್ನು ಎರಡನೇ ವರ್ಗದಲ್ಲಿ, ಶೇ 50ರಷ್ಟನ್ನು ಮೂರನೇ ವರ್ಗದಲ್ಲಿ ಹಾರಿಸಲೇಬೇಕು. ಎರಡನೇ ವರ್ಗದ ಪ್ರದೇಶಗಳ ಒಳಗೊಳಗೇ ಹಾರುವ ಪಾಲು ಬೇರೆ.

ಈ ಲೆಕ್ಕದಿಂದಾಗಿ ಗುವಾಹಟಿಗೂ ಶ್ರೀನಗರಕ್ಕೂ ವಿಮಾನಗಳು ಹೆಚ್ಚಿದವು. ಇದನ್ನು ಒಪ್ಪಲೇಬೇಕು. ಆದರೆ 'ಮೂರನೇ ವರ್ಗ' ಎಂಬ ದೊಡ್ಡ ಚೀಲದೊಳಗೆ ಪುಣೆಯೂ ಇತ್ತು, ಹುಬ್ಬಳ್ಳಿಯೂ ಇತ್ತು. ಎರಡರಲ್ಲಿ ಯಾವುದಕ್ಕೆ ಹಾರಿದರೂ ಲೆಕ್ಕ ಭರ್ತಿಯಾಗುವಾಗ ಕಂಪನಿಗಳು ಯಾವುದನ್ನು ಆರಿಸಿಕೊಂಡಾವು? ಮಧ್ಯಮ ಗಾತ್ರದ ನಗರಗಳು ತುಂಬಿಕೊಂಡವು, ಸಣ್ಣ ಊರುಗಳು ಕಾದವು. 2016ರ ವಿಮಾನಯಾನ ನೀತಿ ಮೊದಲ ವರ್ಗದ ಪಟ್ಟಿಯನ್ನು ಹಿಗ್ಗಿಸಿತು, ಮೂರನೇ ವರ್ಗದ ಪಾಲನ್ನು ಶೇ 35ಕ್ಕೆ ಇಳಿಸಿತು.

ಕಾದು ಕೂತ ಊರುಗಳಿಗೆ ಮೊದಲು ಕೈಹಾಕಿದ್ದು ನಿಯಮವಲ್ಲ, ನಮ್ಮ ಗೊರೂರಿನ ಒಬ್ಬ ಮಾಜಿ ಸೈನಿಕ. ಸೇನೆ ಬಿಟ್ಟು ಜಾವಗಲ್ ಬಳಿ ತೋಟ ಮಾಡಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಎಟಿಆರ್ ಎಂಬ ಪಂಖದ ವಿಮಾನಗಳು, ಹುಬ್ಬಳ್ಳಿಯಂಥ ಊರುಗಳು, ಒಂದು ರೂಪಾಯಿಯ ಟಿಕೆಟ್ಟಿನ ಜಾಹೀರಾತು. ಟಿಕೆಟ್ ಮಾರುವ ಬಗೆಯಲ್ಲೂ ಅವರದು ಬೇರೆ ದಾರಿ. ನಮ್ಮ ಮಂಗಳೂರು ಏಜೆಂಟರ ಪರದೆಯ ಹಿಂದಿರುವ ಜಾಗತಿಕ ಟಿಕೆಟ್ ಜಾಲಗಳಿಗೆ ಪ್ರತಿ ಟಿಕೆಟ್ಟಿನ ಮೇಲೂ ಶುಲ್ಕ ತೆರಬೇಕು. ಅದನ್ನು ಬಿಟ್ಟು ಅವರು ಇಂಟರ್‌ನೆಟ್ಟಿನಲ್ಲೂ ಪೆಟ್ರೋಲ್ ಬಂಕುಗಳಲ್ಲೂ ಟಿಕೆಟ್ ಮಾರಿದರು.

ಆ ಕಂಪನಿಯ ಕೊನೆಯಲ್ಲೂ ಒಂದು ನಿಯಮದ ನೆರಳಿದೆ. 2004ರ ಕೊನೆಯಲ್ಲಿ ಬಂದ '5/20' ನಿಯಮದ ಪ್ರಕಾರ, ದೇಶದೊಳಗೆ ಐದು ವರ್ಷ ಹಾರಿದ, 20 ವಿಮಾನಗಳಿರುವ ಕಂಪನಿಗೆ ಮಾತ್ರ ವಿದೇಶಕ್ಕೆ ಹಾರುವ ಹಕ್ಕು. ಬೆಂಗಳೂರಿನ ಕಿಂಗ್‌ಫಿಶರ್ ಹುಟ್ಟಿದ್ದು 2005ರ ಮೇ ತಿಂಗಳಲ್ಲಿ, ಅಂದರೆ ಅದು 2010ರ ತನಕ ಕಾಯಬೇಕಿತ್ತು. ಡೆಕ್ಕನ್‌ಗೆ ಐದು ತುಂಬುವುದು 2008ರ ಆಗಸ್ಟ್‌ನಲ್ಲಿ. ಎರಡೂ ಒಂದಾದವು, 2008ರ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಶರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಹೆಣ್ಣಿನ ಕಡೆಯ ಆಸ್ತಿ ನೋಡಿ ಮದುವೆಯಾದವರನ್ನು ಕಂಡಿದ್ದೇವೆ. ಇಲ್ಲಿ ನೋಡಿದ್ದು ವಯಸ್ಸನ್ನು. ನಾಲ್ಕು ವರ್ಷ ದಾಟುತ್ತಿದ್ದಂತೆ, 2012ರ ಅಕ್ಟೋಬರ್‌ನಲ್ಲಿ, ಆ ಕಂಪನಿಯ ವಿಮಾನಗಳು ನೆಲಕ್ಕಿಳಿದವು. ಐದು ವರ್ಷದ ಷರತ್ತನ್ನು ಸರ್ಕಾರ ಕೈಬಿಟ್ಟಿದ್ದು 2016ರಲ್ಲಿ.

ಮೂರು ವರ್ಷದ ರೆಕ್ಕೆ

ಸಣ್ಣ ಊರುಗಳಿಗೆ ನೇರವಾಗಿ ಹಣ ಕೊಟ್ಟು ವಿಮಾನ ತರುವ 'ಉಡಾನ್' ಯೋಜನೆ ಪ್ರಕಟವಾದದ್ದು 2016ರ ಅಕ್ಟೋಬರ್‌ನಲ್ಲಿ. ಮರುವರ್ಷ ಏಪ್ರಿಲ್ 27ರಂದು ಶಿಮ್ಲಾದಿಂದ ದಿಲ್ಲಿಗೆ ಮೊದಲ ವಿಮಾನ ಹಾರಿತು. ಆಗ ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ಮಿತಿ, ಆ ದರದಲ್ಲಿ ವಿಮಾನದ ಅರ್ಧದಷ್ಟು ಸೀಟು. ಕಂಪನಿಗಾಗುವ ಕೊರತೆಯನ್ನು ಕೇಂದ್ರದ ನಿಧಿ ಮತ್ತು ರಾಜ್ಯ ಸೇರಿ ತುಂಬಿಕೊಡುತ್ತವೆ. ನಿಧಿಗೆ ಹಣ ಬರುವುದು ದೊಡ್ಡ ಮಾರ್ಗಗಳಲ್ಲಿ ಹಾರುವ ವಿಮಾನಗಳ ಮೇಲಿನ ಶುಲ್ಕದಿಂದ. ಅಂದರೆ ಬೆಂಗಳೂರು–ದಿಲ್ಲಿ ಪ್ರಯಾಣಿಕ ಕೊಟ್ಟ ಹಣದ ಒಂದು ಚೂರು ಕಲಬುರಗಿಗೆ ಹೊರಟವನ ಟಿಕೆಟ್ಟಿಗೆ ಸಲ್ಲುತ್ತದೆ. ನೆರವೂ ಏಕಸ್ವಾಮ್ಯವೂ ಮೂರು ವರ್ಷ. ಅಷ್ಟರೊಳಗೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು.

ನಿಂತಿತೇ? ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿಯ ಲೆಕ್ಕ ಕಠೋರವಾಗಿದೆ. ಉಡಾನ್‌ನ ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403ರಲ್ಲಿ ಹಾರಾಟ ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವು ನಿಂತ ಮೇಲೂ ಉಳಿದವು, 2023ರ ಮಾರ್ಚ್ ಹೊತ್ತಿಗೆ, 54. ನೂರು ಸಸಿ ನೆಟ್ಟು ಏಳು ಉಳಿದ ಹಾಗೆ.

ಕರ್ನಾಟಕಕ್ಕೆ ಈ ಯೋಜನೆಯಿಂದ ಏನೂ ದಕ್ಕಲಿಲ್ಲ ಎಂದರೆ ತಪ್ಪಾಗುತ್ತದೆ. ಮೈಸೂರಿಗೆ ಜೀವ ಬಂತು. ಜಿಂದಾಲ್ ಉಕ್ಕಿನ ಕಾರ್ಖಾನೆಯ ಪಕ್ಕದ ವಿದ್ಯಾನಗರದಿಂದ 2017ರಲ್ಲಿ ಹಾರಾಟ ಶುರುವಾಯಿತು. 2019ರ ನವೆಂಬರ್‌ನಲ್ಲಿ ಕಲಬುರಗಿ, 2020ರ ಫೆಬ್ರುವರಿಯಲ್ಲಿ ಬೀದರ್, 2023ರ ಆಗಸ್ಟ್ 31ರಂದು ಶಿವಮೊಗ್ಗ ವಿಮಾನ ಕಂಡವು. ಅದರ ಜತೆಗೆ ಅಡ್ಡಪರಿಣಾಮವನ್ನೂ ಕಂಡಿದ್ದೇವೆ. 2018ರಲ್ಲಿ ಹುಬ್ಬಳ್ಳಿ ಉಡಾನ್ ಪಟ್ಟಿಗೆ ಸೇರಿದಾಗ, ಪಟ್ಟಿಯಲ್ಲಿಲ್ಲದ ಬೆಳಗಾವಿಯಿಂದ ಚೆನ್ನಾಗಿಯೇ ತುಂಬಿ ಹಾರುತ್ತಿದ್ದ ವಿಮಾನಗಳು ನೂರು ಕಿಲೋಮೀಟರ್ ಆಚೆಗೆ ಸರಿದವು. ಬೆಳಗಾವಿಯ ಜನ ಬೀದಿಗಿಳಿದರು. ಮುಂದಿನ ಸುತ್ತಿನಲ್ಲಿ ಅವರ ಊರೂ ಪಟ್ಟಿಗೆ ಬಂತು. ನೆರವು ಇಲ್ಲದೆಯೂ ಇದ್ದ ವಿಮಾನವನ್ನು ನೆರವು ಕೊಟ್ಟು ಕಳೆದು, ಮತ್ತೆ ನೆರವು ಕೊಟ್ಟು ತರಿಸಿಕೊಂಡ ಕಥೆ ಇದು.

ಬೀದರಿನದು ಇನ್ನೂ ವಿಚಿತ್ರ. ವಾಯುಪಡೆಯ ರನ್‌ವೇ ಅಲ್ಲಿ ಮೊದಲಿನಿಂದಲೂ ಇದೆ, ನಾಗರಿಕ ಟರ್ಮಿನಲ್ಲೂ ಸಿದ್ಧವಾಗಿತ್ತು. ಆದರೆ ಹೈದರಾಬಾದ್ ವಿಮಾನ ನಿಲ್ದಾಣ ಕಟ್ಟಿದ ಖಾಸಗಿ ಕಂಪನಿಯ ಜತೆ ಮಾಡಿಕೊಂಡ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರದಂತೆ ತಡೆಯುವ ಒಂದು ಬೇಲಿ ಇತ್ತು. ಬೀದರ್ ಅದರೊಳಗೆ ಸಿಕ್ಕಿಕೊಂಡಿತು. ಟರ್ಮಿನಲ್ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂತಿತು. ಕೊನೆಗೂ ಶುರುವಾದ ಸೇವೆ 2023ರ ಕೊನೆಯಲ್ಲಿ ನಿಂತು, ರಾಜ್ಯ ಸರ್ಕಾರದ ನೆರವಿನ ಭರವಸೆಯ ಮೇಲೆ 2025ರ ಏಪ್ರಿಲ್‌ನಲ್ಲಿ ಮರಳಿತು. ಇಂಥದೇ ಬೇಲಿ ಬೆಂಗಳೂರಿಗೂ ಇದೆ. 2008ರ ಮೇ 24ರಂದು ತೆರೆದ ದೇವನಹಳ್ಳಿಯ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ 25 ವರ್ಷದವರೆಗೆ ಬರುವಂತಿಲ್ಲ. ಎರಡನೇ ವಿಮಾನ ನಿಲ್ದಾಣದ ಮಾತು ಎದ್ದಾಗಲೆಲ್ಲ 2033 ಎಂಬ ಇಸವಿ ಕೇಳಿಬರುವುದು ಇದಕ್ಕೇ.

ಅಮೆರಿಕದ ಅನುಭವ ಇಲ್ಲಿ ಕಣ್ಣು ತೆರೆಸುವಂಥದು. 1938ರಿಂದ ನಾಲ್ಕು ದಶಕ ಅಲ್ಲಿಯೂ ಸಿವಿಲ್ ಏರೊನಾಟಿಕ್ಸ್ ಬೋರ್ಡ್ ಎಂಬ ಸರ್ಕಾರಿ ಮಂಡಳಿ ಮಾರ್ಗವನ್ನೂ ದರವನ್ನೂ ನಿಗದಿ ಮಾಡುತ್ತಿತ್ತು. 1978ರಲ್ಲಿ ಅದರ ಅಧ್ಯಕ್ಷರಾಗಿದ್ದ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕಾನ್ ಅವರೇ ಮುಂದೆ ನಿಂತು ಆ ಬೇಲಿ ಕೀಳಿಸಿದರು. ಹಾಗೆ ಕೀಳುವಾಗ ಸಣ್ಣ ಊರುಗಳ ವಿಮಾನ ತಪ್ಪದಿರಲೆಂದು ಹತ್ತು ವರ್ಷದ ಮಟ್ಟಿಗೆ ಸಹಾಯಧನ ಯೋಜನೆ ತಂದರು. ಹತ್ತು ವರ್ಷದ್ದು ಇಂದಿಗೂ ನಡೆಯುತ್ತಿದೆ. ಸಣ್ಣ ಊರಿನ ವಿಮಾನ ಹಳ್ಳಿ ಶಾಲೆಯ ಹಾಗೆ. ಬೇಕೆಂದರೆ ವರ್ಷವರ್ಷ ಖರ್ಚು ಮಾಡಬೇಕು, ಬೇಡವೆಂದರೆ ಬೇಡವೆಂದು ಹೇಳಬೇಕು. ಮೂರು ವರ್ಷ ಓದಿಸಿ ಬಾಗಿಲು ಹಾಕುವ ಶಾಲೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಗಡಿ ದಾಟುವ ಗುಟ್ಟು

ದೇಶದೊಳಗಿನ ಬೇಲಿ ಇಷ್ಟಾದರೆ ಗಡಿಯಾಚೆಯದು ಇನ್ನೂ ಬಿಗಿ. 1944ರ ಡಿಸೆಂಬರ್‌ನಲ್ಲಿ ಷಿಕಾಗೊದಲ್ಲಿ ಸೇರಿದ ರಾಷ್ಟ್ರಗಳು ತಮ್ಮ ನೆಲದ ಮೇಲಿನ ಆಕಾಶ ತಮ್ಮದೇ ಎಂದು ಒಪ್ಪಿಕೊಂಡವು. ಆಮೇಲೆ ಯಾರ ವಿಮಾನ ಯಾರ ಊರಿಗೆ ಬರಬೇಕಾದರೂ ಇಬ್ಬರೂ ಕೂತು ಮಾತಾಡಬೇಕು. ವಾರಕ್ಕೆ ಎಷ್ಟು ಸೀಟು, ಯಾವ ಯಾವ ಊರು ಎಂಬುದನ್ನೆಲ್ಲ ಕಾಗದದಲ್ಲಿ ಬರೆಯಬೇಕು. ಭಾರತ ಮತ್ತು ದುಬೈ ನಡುವೆ ಒಂದೊಂದು ಕಡೆಗೆ ವಾರಕ್ಕೆ ಸುಮಾರು 66,000 ಸೀಟಿನ ಮಿತಿಯಿದೆ. ಹೆಚ್ಚಿಸಿ ಎಂದು ದುಬೈ ಕೇಳುತ್ತಲೇ ಬಂದಿದೆ. ನಮ್ಮ ಕಂಪನಿಗಳು ಮೊದಲು ಬೆಳೆಯಲಿ ಎಂದು ದಿಲ್ಲಿ ಕೂತಿದೆ.

ಕರಾವಳಿಯವರಿಗೆ ಇದು ಒಣ ರಾಜತಾಂತ್ರಿಕತೆಯ ವಿಷಯವಲ್ಲ. ಮಂಗಳೂರಿನಿಂದ ಕೊಲ್ಲಿಗೆ ಹಾರುವುದು ಭಾರತೀಯ ಕಂಪನಿಗಳೇ; ಕೊಲ್ಲಿಯ ಕಂಪನಿಗಳ ಬಾಲದ ಚಿಹ್ನೆ ನೋಡಬೇಕಾದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕು. ರಜೆಯ ದಿನಗಳಲ್ಲಿ, ಹಬ್ಬದ ಹೊತ್ತಿನಲ್ಲಿ ಟಿಕೆಟ್ ದರ ಕೇಳಿ ಬೆಚ್ಚಿದ ಮನೆ ಮಂಗಳೂರು ನಿಲ್ದಾಣವಿರುವ ಬಜಪೆಯ ಸುತ್ತ ಎಷ್ಟಿಲ್ಲ? ಸೀಟಿನ ಮಿತಿ ಸ್ವದೇಶಿ ಕಂಪನಿಯನ್ನು ಕಾಯುತ್ತದೆ, ನಿಜ. ಕಾಯುವ ಖರ್ಚು ಮಾತ್ರ ಅಬುಧಾಬಿಯಲ್ಲಿ ಅಡುಗೆ ಕೆಲಸಕ್ಕಿರುವ ಹುಡುಗನ ಕಿಸೆಯಿಂದ ಹೋಗುತ್ತದೆ.

ಈ ಬೇಲಿಯಲ್ಲಿ ಕಂಪನಿಗಳು ಕಂಡುಕೊಂಡ ಸಂದೇ ಕೋಡ್‌ಷೇರ್. ಹಾರುವ ಹಕ್ಕು ಇಲ್ಲದ ಊರಿಗೂ ಮಾರುವ ಹಕ್ಕು ಸಿಕ್ಕರೆ ಅರ್ಧ ಕೆಲಸ ಆದಂತೆ. ಆಸ್ಟ್ರೇಲಿಯಾದ ಕ್ವಾಂಟಾಸ್ 2022ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಿಂದ ಬೆಂಗಳೂರಿಗೆ ಹಾರತೊಡಗಿದಾಗ ಇಂಡಿಗೊ ಜತೆ ಇಂಥ ಒಪ್ಪಂದ ಮಾಡಿಕೊಂಡಿತು. ಸಿಡ್ನಿಯಲ್ಲಿ ಕೂತವರು ಒಂದೇ ಟಿಕೆಟ್ಟಿನಲ್ಲಿ ಬೆಂಗಳೂರು ದಾಟಿ ಮುಂದಿನ ಊರಿಗೂ ಹೋಗಬಹುದು. ಕ್ವಾಂಟಾಸ್ ತನ್ನ ಒಂದು ವಿಮಾನವನ್ನೂ ಇಲ್ಲಿ ಒಳನಾಡಿಗೆ ಹಾರಿಸಬೇಕಿಲ್ಲ. ಪ್ರಯಾಣಿಕರಿಗೂ ಅನುಕೂಲವೇ. ಸಾಮಾನು ಕೊನೆಯ ಊರಿನ ತನಕ ಹೋಗುತ್ತದೆ, ನಡುವೆ ವಿಮಾನ ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. 2016ರ ನೀತಿ ಈ ಬಾಗಿಲನ್ನು ಅಗಲ ಮಾಡಿತು: ವಿದೇಶಿ ಕಂಪನಿಯೊಂದಿಗೆ ಕೋಡ್‌ಷೇರ್ ಮಾಡಿಕೊಳ್ಳಲು ಸಚಿವಾಲಯದ ಅನುಮತಿ ಬೇಡ, 30 ದಿನ ಮೊದಲು ತಿಳಿಸಿದರೆ ಸಾಕು.

ಒಪ್ಪಂದದ ಹಿಂದೆ ಸೀಟಿನ ರಾಜಕೀಯವೂ ಇರುತ್ತದೆ. 2013ರಲ್ಲಿ ಅಬುಧಾಬಿಯ ಎತಿಹಾದ್ ಕಂಪನಿ ಜೆಟ್ ಏರ್‌ವೇಸ್‌ನ ಶೇ 24 ಪಾಲು ಕೊಳ್ಳುವ ಮಾತುಕತೆಯ ಹೊತ್ತಿನಲ್ಲೇ ಭಾರತ–ಅಬುಧಾಬಿ ನಡುವಿನ ವಾರದ ಸೀಟುಗಳನ್ನು 13,330ರಿಂದ ಹಂತಹಂತವಾಗಿ 50,000ಕ್ಕೆ ಏರಿಸಲು ಒಪ್ಪಲಾಯಿತು. ವಿಷಯ ಸಂಸತ್ತಿಗೂ ಹೋಯಿತು, ನ್ಯಾಯಾಲಯಕ್ಕೂ ಹೋಯಿತು. ಜೆಟ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿ ನಿಂತಿತು.

ಪರದೆಯ ಮೊದಲ ಸಾಲು

ಮಂಗಳೂರಿನ ಏಜೆಂಟರ ಪರದೆಗೆ ಮರಳೋಣ. ಅದರ ಬೇರು 1953ರಲ್ಲಿದೆ. ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಸ್ಮಿತ್ ಹೆಸರಿನ ಇಬ್ಬರು ಅಕ್ಕಪಕ್ಕ ಕೂತಿದ್ದರು. ಒಬ್ಬರು ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ, ಇನ್ನೊಬ್ಬರು ಐಬಿಎಂನ ಮಾರಾಟಗಾರ. ಆ ಹರಟೆಯಿಂದ ಹುಟ್ಟಿದ ಟಿಕೆಟ್ ಕಂಪ್ಯೂಟರ್ 'ಸೇಬರ್' ಅರವತ್ತರ ದಶಕದಲ್ಲಿ ಕೆಲಸ ಶುರುಮಾಡಿತು. 1976ರಿಂದ ಸೇಬರ್ ಮತ್ತು ಯುನೈಟೆಡ್ ಏರ್‌ಲೈನ್ಸ್‌ನ 'ಅಪೊಲೊ' ಟ್ರಾವೆಲ್ ಏಜೆಂಟರ ಮೇಜಿಗೂ ಬಂದವು.

ಅಲ್ಲಿಯೇ ಚಮತ್ಕಾರ ಶುರುವಾದದ್ದು. ಅವಸರದಲ್ಲಿರುವ ಏಜೆಂಟ್ ಮೊದಲ ಪರದೆ ದಾಟಿ ಮುಂದೆ ಹೋಗುವುದು ಅಪರೂಪ. ಬಹಳಷ್ಟು ಸಲ ಮೊದಲ ಸಾಲಿನಲ್ಲೇ ಕೈ ನಿಲ್ಲುತ್ತದೆ. ಪರದೆಯ ಯಜಮಾನರು ತಮ್ಮ ವಿಮಾನಗಳನ್ನು ಮೇಲೆ, ಎದುರಾಳಿಯದನ್ನು ಮೂರನೇ ಪುಟದಲ್ಲಿ ಇಟ್ಟರು. ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಾಲ್ ಇದನ್ನು ಮುಚ್ಚಿಡಲೂ ಇಲ್ಲ. ನಮ್ಮ ವಿಮಾನ ಮೊದಲು ಕಾಣಲೆಂದೇ ಈ ವ್ಯವಸ್ಥೆ ಕಟ್ಟಿದ್ದು ಎಂಬರ್ಥದಲ್ಲಿ ಜನಪ್ರತಿನಿಧಿಗಳ ಮುಂದೆಯೇ ಹೇಳಿದರು. 1984ರ ನವೆಂಬರ್‌ನಲ್ಲಿ ಪಕ್ಷಪಾತದ ಪ್ರದರ್ಶನಕ್ಕೆ ನಿಷೇಧ ಬಂತು. ತಂದದ್ದು ಯಾರು? ಮಾರ್ಗಗಳ ಮೇಲಿನ ಹಿಡಿತ ಕಳೆದುಕೊಂಡು, ಅದೇ ವರ್ಷದ ಕೊನೆಗೆ ಬಾಗಿಲು ಹಾಕಲಿದ್ದ ಅದೇ ಹಳೆಯ ಸಿವಿಲ್ ಏರೊನಾಟಿಕ್ಸ್ ಬೋರ್ಡ್. ದಾರಿಯ ಕಾವಲು ಬಿಟ್ಟವರು ಅಂಗಡಿಯ ಕಾವಲಿಗೆ ನಿಲ್ಲಬೇಕಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಬೆಲೆಯುಳ್ಳ ಪಾಠ ಕಾಣುವುದು ಇಲ್ಲೇ.

ಪರದೆಯ ಆಟಕ್ಕೂ ಕೋಡ್‌ಷೇರ್‌ಗೂ ನೆಂಟಸ್ತಿಕೆಯಿದೆ. ನಡುವೆ ವಿಮಾನ ಬದಲಿಸುವ ಪ್ರಯಾಣಗಳಲ್ಲಿ ಒಂದೇ ಕಂಪನಿಯ ಜೋಡಿಗೆ ಪರದೆ ಮೇಲಿನ ಜಾಗ ಕೊಡುತ್ತಿತ್ತು, ಎರಡು ಕಂಪನಿಗಳ ಜೋಡಿ ಕೆಳಗೆ ಬೀಳುತ್ತಿತ್ತು. ಹಾಗಾದರೆ ಸಣ್ಣ ಕಂಪನಿಯ ವಿಮಾನಕ್ಕೂ ದೊಡ್ಡವರ ಸಂಖ್ಯೆ ಅಂಟಿಸಿದರಾಯಿತಲ್ಲ! ಎಂಬತ್ತರ ದಶಕದ ಅಮೆರಿಕದಲ್ಲಿ ಕೋಡ್‌ಷೇರ್ ಹಬ್ಬಲು ಈ ಜಾಣತನವೇ ಮುಖ್ಯ ಕಾರಣ. ಒಂದೇ ವಿಮಾನ ನಾಲ್ಕಾರು ಹೆಸರಿನಲ್ಲಿ ಪರದೆ ತುಂಬಿ, ನಿಜವಾದ ಬೇರೆ ವಿಮಾನಗಳು ಕೆಳಕ್ಕೆ ಜಾರುವುದೂ ಶುರುವಾಯಿತು. ಯುರೋಪು ತನ್ನ ನಿಯಮದಲ್ಲಿ, ಒಂದು ವಿಮಾನ ಎರಡಕ್ಕಿಂತ ಹೆಚ್ಚು ಕಂಪನಿಗಳ ಹೆಸರಿನಲ್ಲಿ ಬೇರೆಬೇರೆಯಾಗಿ ಕಾಣಿಸುವಂತಿಲ್ಲ ಎಂದು ಬರೆದುಕೊಂಡಿತು.

ಹೆಸರಿನ ಈ ಮರೆ ಒಮ್ಮೊಮ್ಮೆ ಜೀವದ ಪ್ರಶ್ನೆಯಾಗುತ್ತದೆ. 2009ರ ಫೆಬ್ರುವರಿ 12ರ ರಾತ್ರಿ ಅಮೆರಿಕದ ಬಫಲೊ ಬಳಿ ವಿಮಾನವೊಂದು ಮನೆಯ ಮೇಲೆ ಬಿದ್ದು 50 ಮಂದಿ ಸತ್ತರು. ಟಿಕೆಟ್ಟಿನ ಮೇಲಿದ್ದದ್ದು ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯ ಹೆಸರು. ವಿಮಾನ ಹಾರಿಸಿದ್ದು ಕೋಲ್ಗನ್ ಎಂಬ ಸಣ್ಣ ಕಂಪನಿ. ಪೈಲಟ್‌ಗಳ ತರಬೇತಿ, ದಣಿವು, ಸಂಬಳ ಎಲ್ಲವೂ ಚರ್ಚೆಗೆ ಬಂದವು. ಸತ್ತವರ ಮನೆಯವರು ಪಟ್ಟು ಹಿಡಿದು ಕೂತರು. 2010ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು: ಟಿಕೆಟ್ ಹುಡುಕಿದಾಗ ಮೊದಲು ಮೂಡುವ ಪುಟದಲ್ಲೇ, ವಿಮಾನ ನಿಜವಾಗಿ ಹಾರಿಸುವವರು ಯಾರೆಂದು ಕಾಣಬೇಕು.

ಅಂಗಡಿಯ ಕಾವಲು

ನಮ್ಮ ಕೈಯ ಮೊಬೈಲು ಇಂದಿನ ಪರದೆ. ಮೊದಲ ಸಾಲಿನ ಆಸೆ, ಕೊನೆಯ ಪುಟದಲ್ಲಿ ಸೇರುವ ಶುಲ್ಕ, ಗಂಟೆಗೊಮ್ಮೆ ಮಗುಚುವ ದರ ಎಲ್ಲ ಹಾಗೆಯೇ ಇವೆ. ದರದ ವಿಷಯದಲ್ಲಿ ನಮ್ಮ ಕಾನೂನಿನ ನಿಲುವು ಸರಳ. 1937ರ ವಿಮಾನ ನಿಯಮಗಳ 135ನೇ ನಿಯಮದಂತೆ ದರ ನಿಗದಿ ಕಂಪನಿಯ ಕೆಲಸ. ಖರ್ಚು, ಸೇವೆ, ನ್ಯಾಯವಾದ ಲಾಭ ನೋಡಿಕೊಂಡು ಅದನ್ನು ಮಾಡಬೇಕು, ಮಾಡಿದ್ದನ್ನು ಪ್ರಕಟಿಸಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಂದು ಘಟಕ 78 ಮಾರ್ಗಗಳ ದರದ ಮೇಲೆ ಕಣ್ಣಿಟ್ಟಿರುತ್ತದೆ.

ತುರ್ತಿನಲ್ಲಿ ಮಾತ್ರ ಸರ್ಕಾರ ನೇರ ಕೈಹಾಕುತ್ತದೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಂತರ ಹಾರಾಟ ಮರಳಿದಾಗ ದರಕ್ಕೆ ಮೇಲಿನ ಮಿತಿಯ ಜತೆ ಕೆಳಗಿನ ಮಿತಿಯನ್ನೂ ಹಾಕಿತು. 40 ನಿಮಿಷದೊಳಗಿನ ಹಾರಾಟಕ್ಕೆ 2,000ದಿಂದ 6,000 ರೂಪಾಯಿ. ಅಗ್ಗವಾಗಿಯೂ ಮಾರುವಂತಿಲ್ಲ ಎಂಬ ಆ ಕೆಳಮಿತಿ ಕಾದದ್ದು ಪ್ರಯಾಣಿಕರನ್ನಲ್ಲ, ಸೊರಗಿದ್ದ ಕಂಪನಿಗಳನ್ನು. 2022ರ ಆಗಸ್ಟ್ 31ಕ್ಕೆ ಅದು ತೆರವಾಯಿತು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೊದ ವಿಮಾನಗಳು ಸಾವಿರಗಟ್ಟಲೆ ರದ್ದಾದಾಗ ಮತ್ತೆ ಮಿತಿ ಬಂತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,500 ದಾಟಿದರೆ 18,000. ಬೆಂಗಳೂರಿನ ಟರ್ಮಿನಲ್‌ಗಳಲ್ಲಿ ಸೂಟ್‌ಕೇಸುಗಳ ರಾಶಿಯ ನಡುವೆ ಮಲಗಿದ್ದ ಜನರ ಚಿತ್ರ ಇನ್ನೂ ಕಣ್ಣಿನಲ್ಲಿದೆ. ಒಂದೇ ಕಂಪನಿ ಮಾರುಕಟ್ಟೆಯ ಸುಮಾರು ಮೂರರಲ್ಲಿ ಎರಡು ಪಾಲು ಹಿಡಿದಿರುವಾಗ ಅದರ ನೆಗಡಿ ದೇಶಕ್ಕೇ ಜ್ವರ.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು ಇಷ್ಟು. ನಮ್ಮ ಸರ್ಕಾರಗಳು ದಾರಿ ಕಾಯುವುದರಲ್ಲಿ ಚುರುಕು, ಅಂಗಡಿ ಕಾಯುವುದರಲ್ಲಿ ಸೋಮಾರಿ. ಯಾವ ಊರಿಗೆ ಹಾರಬೇಕು, ಎಷ್ಟು ವರ್ಷ ಹಾರಬೇಕು, ಎಷ್ಟು ದೂರದಲ್ಲಿ ಇನ್ನೊಂದು ನಿಲ್ದಾಣ ಬರಬಾರದು ಎಂದು ಗೆರೆ ಎಳೆದವರು, ಆ ಗೆರೆಗಳನ್ನು ಕಂಪನಿಗಳು ದಾಟುವುದನ್ನೂ ಬಳಸಿಕೊಳ್ಳುವುದನ್ನೂ ನೋಡುತ್ತಾ ಕೂತರು. ಮಾರುವವರು ಏನು ಮಾರುತ್ತಿದ್ದಾರೆಂದು ದೊಡ್ಡ ಅಕ್ಷರದಲ್ಲಿ ಹೇಳಿಸುವ ಕೆಲಸ ಹಿಂದುಳಿಯಿತು. ಸಣ್ಣ ಊರಿಗೆ ವಿಮಾನ ಬೇಕಿದ್ದರೆ ಅದರ ಖರ್ಚನ್ನು ಮುಚ್ಚುಮರೆಯಿಲ್ಲದೆ, ದೀರ್ಘಕಾಲಕ್ಕೆ ಒಪ್ಪಿಕೊಳ್ಳಲಿ. ಉಳಿದ ಕಡೆ ದಾರಿ ಬಿಟ್ಟು ಅಂಗಡಿಯ ಬಾಗಿಲಲ್ಲಿ ನಿಲ್ಲಲಿ.

ಅಲ್ಲಿಯವರೆಗೆ ಓದುಗರಿಗೆ ಎರಡು ಮಾತು. ಟಿಕೆಟ್ಟನ್ನು ಏಜೆಂಟರಿಂದ ಕೊಂಡರೂ ಪೋರ್ಟಲ್ಲಿನಲ್ಲಿ ಕೊಂಡರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಕಂಪನಿಯದೇ ಎಂದು ಮಹಾನಿರ್ದೇಶನಾಲಯದ ನಿಯಮ ಹೇಳುತ್ತದೆ. ಹಣ ವಾಪಸಿಲ್ಲದ ಅಗ್ಗದ ಟಿಕೆಟ್ಟಾದರೂ, ನೀವು ಹಾರದೇ ಹೋದರೆ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕ ನಿಮಗೆ ಮರಳಬೇಕು, ಕೇಳಿ ಪಡೆಯಿರಿ. ಸರ್ಕಾರಕ್ಕೆ ಒಂದು ಮಾತು. ಟಿಕೆಟ್ಟಿನಲ್ಲಿ ಮಾರುವ ಕಂಪನಿಯ ಹೆಸರು ಎಷ್ಟು ದಪ್ಪವಿದೆಯೋ ಹಾರಿಸುವ ಕಂಪನಿಯ ಹೆಸರೂ ಅಷ್ಟೇ ದಪ್ಪವಿರಬೇಕೆಂದು ಬರೆಯಿರಿ. ಅದಕ್ಕೆ ರನ್‌ವೇ ಬೇಡ, ಅನುದಾನ ಬೇಡ, ಬೇರೆ ದೇಶದ ಒಪ್ಪಿಗೆಯೂ ಬೇಡ. ಒಂದು ಸುತ್ತೋಲೆ ಸಾಕು.